ಗಾಡಿ ಬಿಡ್ತೀನಿ

“ಏರಿ ಮೇಲೆ ಹೋಗಬೇಕಿತ್ತಲ್ಲ ಮೇಡಂ, ಅದಕ್ಕೇ ಸ್ವಲ್ಪ ಏರಿಸಿದ್ದೆ,” ಎಂದ ರುದ್ರಮುನಿ. ನರ್ಸ್ ಅವನ ಹುಬ್ಬಿನ ಹೊಲಿಗೆ ಬಿಚ್ಚುತ್ತಲೇ ನಕ್ಕಳು.

ಆಸ್ಪತ್ರೆಯ ಆಪ್ತಸಮಾಲೋಚಕಿ ದುರ್ಗಾಂಬಿಕಾ ನಗಲಿಲ್ಲ; ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು. ಬೈಸಿಕೊಳ್ಳಲು ಅವನು ತಯಾರಾಗಿಯೇ ಬಂದಿದ್ದ. ಬೈದಿದ್ದನ್ನು ಅವರದೇ ದನಿಯಲ್ಲಿ ವಾಪಸ್ ಒಪ್ಪಿಸಿದರೆ ಆಯಿತು. ಚನ್ನಗಿರಿಯ ಕಂಡಕ್ಟರುಗಳು, ಪೊಲೀಸರು, ಸ್ವಂತ ಮಾವ, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು.

“ಯಾರ ದನಿ ಬೇಕಾದ್ರೂ ತೆಗೀತೀರಂತೆ. ಅವತ್ತು ಸೂಳೆಕೆರೆ ಏರಿ ಮೇಲೆ ಬೈಕಿಂದ ಬಿದ್ರಲ್ಲ, ಹಿಂದೆ ಯಾರು ಕೂತಿದ್ರು?”

“ಮಗಳು, ಪೂಜಾ. ಅವಳಿಗೇನೂ ಆಗಲಿಲ್ರೀ. ಒಂದು ಚಪ್ಪಲಿ ಕೆರೆಗೆ ಹೋತು, ಅಷ್ಟೆ.”

“ಬೀಳಾಕೆ ಮುಂಚೆ ಏನಂದ್ಲು? ಅವಳ ದನೀಲೇ ಹೇಳ್ರಿ.”

ಇಷ್ಟೇನಾ ಎಂದು ಗಂಟಲು ಸರಿಮಾಡಿಕೊಂಡ. “ಅಪ್ಪಾಜಿ, ನಾನು ಇಳೀತೀನಿ. ನಡ್ಕೊಂಡೇ ಬರ್ತೀನಿ.”

ದನಿ ಎಷ್ಟು ಸರಿಯಾಗಿ ಬಂತೆಂದರೆ, ಅವನೇ ಬಾಗಿಲ ಕಡೆ ನೋಡಿದ.

“ನೀವೇನಂದ್ರಿ?”

“ಕುದುರೆ ಥರ ಕೆನೆದೆ,” ಎಂದ ಮೆಲ್ಲಗೆ. “ನಗಲಿ ಅಂತ.”

ನರ್ಸಿನ ಕತ್ತರಿ ನಿಂತಿತು. ಮೇಡಂ ಆಗಲೂ ಬೈಯಲಿಲ್ಲ.

“ಕುಡಿಯೋದು ಪೂರ್ತಿ ಬಿಡು ಅಂದ್ರೆ ಸುಳ್ಳು ಹೇಳ್ತೀನಿ ಮೇಡಂ.”

“ಸುಳ್ಳು ಬ್ಯಾಡ. ನಿಮ್ಮ ಕೈಲಿ ಆಗೋದು ಹೇಳ್ರಿ.”

“ಕುಡಿದ ದಿನ ಗಾಡಿ ಬಿಡ್ತೀನಿ.”

“ಬಿಡ್ತೀನಿ ಅಂದ್ರೆ? ಓಡಿಸ್ತೀರೋ, ಬಿಟ್ಟು ಬರ್ತೀರೋ?”

ಬೇಕೆಂದೇ ಆಡದ ಶ್ಲೇಷೆಯಲ್ಲಿ ಅವನು ಸಿಕ್ಕಿಬಿದ್ದದ್ದು ಇದೇ ಮೊದಲು. “ಬಿಟ್ಟು ಬರ್ತೀನಿ.”

“ಕೀಲಿ?”

“ಕುಡಿಯಾಕೆ ಮುಂಚೇನೇ ಬೀಡಾ ಅಂಗಡಿ ಗಾದ್ರಮ್ಮನ ಕೈಗೆ. ಆಯಮ್ಮ ಚಿಲ್ಲರೇನೇ ವಾಪಸ್ ಕೊಡಲ್ಲ, ಕೀಲಿ ಕೊಡ್ತಾಳಾ?”

ಶನಿವಾರ ಸಂಜೆ ಎರಡು ಪೆಗ್ ಇಳಿಸಿ ಬಾರಿನಿಂದ ಹೊರಬಂದಾಗ, ಗಾಡಿ ಓಡಿಸಲು ಕೈ ತುರಿಸಿತು. ಬೀಡಾ ಅಂಗಡಿಯ ಮಗ್ಗುಲಿಗೆ ಸರಿದು, ಗಾದ್ರಮ್ಮನ ಮಗನ ದನಿ ತೆಗೆದ: “ಅವ್ವಾ, ರುದ್ರಣ್ಣನ ಕೀಲಿ ಕೊಡಬೇಕಂತೆ.”

ಗಾದ್ರಮ್ಮ ಎಲೆಗೆ ಸುಣ್ಣ ಹಚ್ಚುತ್ತಲೇ ಅಂದಳು, “ನನ್ನ ಮಗ ಇಷ್ಟು ಮರ್ಯಾದೆಯಿಂದ ಎಲ್ಲಿ ಮಾತಾಡ್ತಾನೆ. ಬಸ್ ಬಂತು, ಹತ್ತು.”

ಹತ್ತಿದ.

ನಲ್ಲೂರಿನ ಮನೆಯಲ್ಲಿ ಪೂಜಾ ಅವನ ಹಿಂದೆ ಇಣುಕಿದಳು. “ಅಪ್ಪಾಜಿ, ಗಾಡಿ?”

“ಬಿಟ್ಟೆ.”

ಯಾವ ಬಿಟ್ಟೆ ಎಂದು ನೋಡಲು ಅವಳು ಅಂಗಳಕ್ಕೆ ಹೋದಳು. ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆಯಷ್ಟೇ ಇತ್ತು. ರುದ್ರಮುನಿ ಕಾಲು ತೊಳೆಯಲು ಚೊಂಬು ಎತ್ತಿಕೊಂಡ.

ಅಂಗಳದಿಂದ ಕುದುರೆ ಕೆನೆದದ್ದು ಕೇಳಿಸಿತು.