ಬಲಗಾಲಿನ ಬ್ರೇಕು

ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದ ಮನುಷ್ಯನಿಗೆ ಹಿತ್ತಲಿನಲ್ಲಿ ಒಂದು ನಾಯಿ ಓಡಿಸಲು ಬರುತ್ತಿರಲಿಲ್ಲ. ಮನೆಯಲ್ಲೂ ಡಿಪೋದಲ್ಲೂ ಡ್ರೈವರು ಎಂದೇ ಕರೆಸಿಕೊಳ್ಳುತ್ತಿದ್ದ ಅವನು ಬೆಳಗ್ಗೆ ಆರಕ್ಕೇ ಎದ್ದು, ಹೆಂಡತಿಯ ನೆಲ ಒರೆಸುವ ಕೋಲನ್ನೂ ಒಂದು ಬಿದಿರು ಕೋಲನ್ನೂ ಇಟ್ಟಿಗೆಗಳ ಮೇಲೆ ಅಡ್ಡ ಇಟ್ಟು ‘ಹಾರು’ ಎನ್ನುತ್ತಿದ್ದ. ನಾಯಿ ಬಾಣದ ಹಾಗೆ ಬರುತ್ತಿತ್ತು. ಕೋಲಿನ ಮುಂದೆ ಗಕ್ಕನೆ ನಿಂತು, ಮುಂದೇನು ಎಂಬಂತೆ ಅವನ ಮುಖ ನೋಡುತ್ತಿತ್ತು.

ನಾಯಿ ಮಗಳದು. ಒಂದು ಕ್ಷಣ ಒಂದು ಕಡೆ ನಿಲ್ಲುವುದಿಲ್ಲವೆಂದು ಅದಕ್ಕೆ ಗಿರಗಿಟ್ಲೆ ಎಂದು ಹೆಸರಿಟ್ಟವಳೂ ಅವಳೇ. ಕೋಲು ಹಾರುವುದು, ಬಟ್ಟೆಯ ಸುರಂಗದಲ್ಲಿ ನುಗ್ಗುವುದು, ಸಾಲಾಗಿ ನೆಟ್ಟ ಆರು ಪೈಪುಗಳ ನಡುವೆ ನುಸುಳುವುದು, ಕೊನೆಗೆ ಮೇಜು ಹತ್ತಿ ಐದು ಎಣಿಸುವ ತನಕ ಅಲ್ಲಾಡದೆ ಕೂತು, ಅಲ್ಲಿಂದ ಓಟ ಮುಗಿಯುವ ಗೆರೆಗೆ ಜಿಗಿಯುವುದು. ನಾಯಿಯ ಪಕ್ಕದಲ್ಲೇ ಓಡಿಸುವವರೂ ಓಡಬೇಕಾದ ಈ ಅಡೆತಡೆ ಓಟಕ್ಕೆ ಅವಳೂ ನಾಯಿಯೂ ನಾಲ್ಕು ವರ್ಷದಿಂದ ಹೋಗುತ್ತಿದ್ದರು. ಈಗ ಗಿರಗಿಟ್ಲೆಗೆ ಒಂಬತ್ತು ತುಂಬಿತ್ತು. ಇದೇ ಕೊನೆಯ ಸಲ, ಆಮೇಲೆ ಕೀಲು ತಡೆಯುವುದಿಲ್ಲ ಎಂದು ನಾಯಿ ಡಾಕ್ಟರು ಹೇಳಿಬಿಟ್ಟಿದ್ದರು. ಓಟ ಬರುವ ಭಾನುವಾರ. ಮಗಳ ಎಡಗಾಲು ನೋಡಿದರೆ ಮೊಣಕಾಲಿನವರೆಗೆ ಪ್ಲಾಸ್ಟರಿನಲ್ಲಿತ್ತು.

ಅದಕ್ಕೆ ಕಾರಣ ಡ್ರೈವರನೇ. ಮೂರು ವಾರದ ಹಿಂದೆ ಹಳೆಯ ಸ್ಕೂಟರಿನಲ್ಲಿ ಅವಳನ್ನು ಹಿಂದೆ ಕೂರಿಸಿಕೊಂಡು ಹೋಗುವಾಗ ಇದ್ದಕ್ಕಿದ್ದಂತೆ ಕಾಲಿನ ಬ್ರೇಕು ಒತ್ತಿದ್ದ. ಗಾಡಿ ಜಾರಿತು, ಮಗಳು ಬಿದ್ದಳು. ಬೆಕ್ಕು ಅಡ್ಡ ಬಂತು ಎಂದು ಆಸ್ಪತ್ರೆಯಲ್ಲಿ ಹೇಳಿದ, ಹೆಂಡತಿಗೆ ಹೇಳಿದ, ಡಿಪೋದಲ್ಲಿ ಕೇಳದವರಿಗೂ ಕರೆದು ಹೇಳಿದ. ಹೇಳಿದಷ್ಟು ಸಲವೂ ಬೆಕ್ಕು ಸ್ವಲ್ಪ ಸ್ವಲ್ಪ ದಪ್ಪಗಾಯಿತು. ನಿಜ ಕೇಳಿದರೆ ಬೆಕ್ಕೂ ಇರಲಿಲ್ಲ, ಇಲಿಯೂ ಇರಲಿಲ್ಲ. ಗಾಳಿಗೆ ಹಾರಿ ಬಂದದ್ದು ಒಂದು ಪ್ಲಾಸ್ಟಿಕ್ ಚೀಲ. ಬಸ್ಸಿಗೆ ಒಂದು ಗೀರೂ ಬೀಳಿಸದ ಮನುಷ್ಯ ಖಾಲಿ ಚೀಲಕ್ಕೆ ಹೆದರಿ ಮಗಳ ಕಾಲು ಮುರಿದೆ ಎಂದು ಯಾವ ಬಾಯಲ್ಲಿ ಹೇಳಿಯಾನು? ತನ್ನ ಬದಲು ಈ ಸಲ ನಾಯಿಯನ್ನು ನೀನೇ ಓಡಿಸು ಎಂದು ಮಗಳು ಕೇಳಿದಾಗಲೂ ಅವನು ಬೆಕ್ಕನ್ನು ಬಿಟ್ಟುಕೊಡಲಿಲ್ಲ. ಹೂಂ ಎಂದು ತಲೆ ಆಡಿಸಿದ.

ಅಂದಿನಿಂದ ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕೋಲು ಎತ್ತರವಾಯಿತೆಂದು ಒಂದು ಇಟ್ಟಿಗೆ ತೆಗೆದ. ಬಣ್ಣ ಕಾಣಿಸುತ್ತಿಲ್ಲವೆಂದು ಕೆಂಪು ಟೇಪು ಸುತ್ತಿದ. ಬಿಸ್ಕತ್ತು ಬಿಟ್ಟು ಬೇಯಿಸಿದ ಕೋಳಿ ಹಿಡಿದ. ಊಟದ ಮಧ್ಯೆ ಎದ್ದು ಹೋಗಿ ಪೈಪುಗಳ ಅಂತರ ಅಳೆದು ಬಂದ, ಕೈ ತೊಳೆಯುವಷ್ಟರಲ್ಲಿ ಅನುಮಾನ ಬಂದು ಮತ್ತೆ ಅಳೆದ. ಹುಲ್ಲು ಒದ್ದೆ, ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ನಾಯಿಗೆ ವಯಸ್ಸಾಯಿತು ಎಂದೆಲ್ಲ ದೂರಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹೆಂಡತಿ ಅಡುಗೆಮನೆಯ ಕಿಟಕಿಯಿಂದಲೇ ಅಂದಳು. ಅವಳಿಗೆ ಕೋಲು ವಾಪಸ್ಸು ಬೇಕಾಗಿತ್ತು.

ಮಗಳು ಕುರ್ಚಿಯಲ್ಲಿ ಕೂತು, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ ನೋಡುತ್ತಿದ್ದಳು. ಏನೂ ಹೇಳುತ್ತಿರಲಿಲ್ಲ. ಆ ಮೌನವೇ ಅವನನ್ನು ಅರ್ಧ ಕೊಲ್ಲುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಯಾರೂ ಏನೂ ಅನ್ನದೆಯೇ ಮುಟ್ಟಿಕೊಳ್ಳುತ್ತಿದ್ದ.

ಗುರುವಾರ ಸಂಜೆ ಗಿರಗಿಟ್ಲೆ ಹನ್ನೊಂದನೇ ಸಲ ಕೋಲಿನ ಮುಂದೆ ನಿಂತಿತು. ಡ್ರೈವರು ಕೋಳಿಯ ಡಬ್ಬಿ ನೆಲಕ್ಕೆ ಕುಕ್ಕಿ, ಈ ನಾಯಿ ಕೈಯಲ್ಲಿ ಆಗುವುದಿಲ್ಲ, ಓಟದಿಂದ ಹೆಸರು ವಾಪಸ್ಸು ತೆಗೆಸೋಣ ಎಂದ.

"ಅಪ್ಪಾ, ಅದು ತಾನಾಗಿ ನಿಲ್ತಿಲ್ಲ. ನೀನು ನಿಲ್ಲಿಸ್ತಿದ್ದೀಯ," ಎಂದಳು ಮಗಳು. "ಕೋಲು ಹತ್ರ ಬಂದ ಕೂಡಲೇ ಬ್ರೇಕ್ ಒತ್ತುತ್ತೀಯ. ಬಲಗಾಲು ನೋಡ್ಕೋ."

ನೋಡಿದ. ಎರಡೂ ಕೋಲುಗಳ ಈಚೆಗೆ, ಬಲಗಡೆಯೇ, ಬೂಟಿನ ಮುಂಭಾಗದಷ್ಟು ಜಾಗದಲ್ಲಿ ಹುಲ್ಲು ಕಿತ್ತು ಮಣ್ಣು ಗುಳಿಬಿದ್ದಿತ್ತು. ನಾಯಿಗೆ ಅವನ ಬಾಯಿಗಿಂತ ಕಾಲೇ ಚೆನ್ನಾಗಿ ಅರ್ಥವಾಗುತ್ತಿತ್ತು. ಮೂರು ವಾರದಿಂದ ಊಟದ ಮೇಜಿನ ಕೆಳಗೂ ಹಾಗೇ ಒತ್ತುತ್ತಿದ್ದೀರಿ, ನಾನು ನೋವಿರಬೇಕು ಅಂದುಕೊಂಡಿದ್ದೆ ಎಂದಳು ಕಿಟಕಿಯಲ್ಲಿದ್ದ ಹೆಂಡತಿ.

ಅವನು ಬೂಟು ಬಿಚ್ಚಿ ಗೋಡೆಯ ಬಳಿ ಎಸೆದ. ನಿಲ್ಲುವುದು ಮೇಜಿನ ಹತ್ತಿರ ಮಾತ್ರ, ಅಲ್ಲಿಯವರೆಗೂ ಓಡುತ್ತಲೇ ಇರು ಎಂದು ಮಗಳು ಹೇಳಿಕೊಟ್ಟಳು. ಅವನು ಓಡಿದ. ಮೊದಲ ಕೋಲಿನ ಹತ್ತಿರ ಬಲಗಾಲು ಹಟ ಮಾಡಿತು. ಹಲ್ಲು ಕಚ್ಚಿ ಎತ್ತಿ ಮುಂದಿಟ್ಟ. ನಾಯಿ ಹಾರಿತು. ಎರಡನೆಯದನ್ನೂ ಹಾರಿತು. ಸುರಂಗ ಹೊಕ್ಕು ಹೊರಬಂದು, ಪೈಪುಗಳ ನಡುವೆ ಬಾಲ ಬೀಸುತ್ತ ನುಸುಳಿ, ಮೇಜಿನ ಮೇಲೆ ಹತ್ತಿ ಕೂತಿತು. ಅವನೂ ಏದುಸಿರು ಬಿಡುತ್ತ ಪಕ್ಕದಲ್ಲಿ ನಿಂತ.

"ಒಂದು," ಎಂದು ಮಗಳು ಎಣಿಸತೊಡಗಿದಳು. "ಎರಡು. ಮೂರು."

ಓಡುವುದಕ್ಕೂ ಇಲ್ಲ, ಅಳೆಯುವುದಕ್ಕೂ ಇಲ್ಲ. ನಿಂತೇ ಇರಬೇಕು.

"ಅವತ್ತು ಬೆಕ್ಕು ಇರಲಿಲ್ಲಮ್ಮಾ," ಎಂದ ನಾಯಿಯ ಕಡೆ ನೋಡುತ್ತಲೇ. "ಬರೀ ಒಂದು ಪ್ಲಾಸ್ಟಿಕ್ ಚೀಲ. ನಾನು ಹೆದರಿಬಿಟ್ಟೆ."

"ನಾಲ್ಕು," ಎಂದಳು ಮಗಳು. ಆಮೇಲೆ ಎಣಿಕೆ ನಿಂತಿತು. ಕಿಟಕಿಯಲ್ಲಿ ಪಾತ್ರೆಯ ಸದ್ದೂ ನಿಂತಿತು. ಗಿರಗಿಟ್ಲೆ ಮೈ ನಡುಗಿಸುತ್ತ, ಆದರೂ ಕದಲದೆ ಕಾಯುತ್ತಿತ್ತು.

"ಗೊತ್ತಪ್ಪಾ. ನೀಲಿ ಚೀಲ. ಹಿಂದೆ ಕೂತಿದ್ದೋಳು ನಾನಲ್ವಾ?" ಅವಳ ದನಿ ಒಡೆದಿತ್ತು. "ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

ಅವನು ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದ.

"ಐದು," ಎಂದಳು ಅವಳು.

ನಾಯಿ ಮೇಜಿನಿಂದ ಜಿಗಿದು ಗೆರೆಯ ಕಡೆ ಹಾರಿಹೋಯಿತು. ಡ್ರೈವರು ಬರಿಗಾಲಲ್ಲಿ ಅದರ ಹಿಂದೆ ಓಡಿದ.