ಎರಡು ಬೋಲ್ಟು

ಏಣಿಯ ಮೇಲೆ ನಿಂತ ಅವಳು ಮನೆಯ ದಾರಿ ತೋರಿಸುವ ಬಾಣದ ಗುರುತಿದ್ದ ತಗಡನ್ನು ಮೊಣಕೈಯಿಂದ ಕಂಬಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ತಿರುಗಿಸುತ್ತಿದ್ದಳು. ಗಾಳಿಗೆ ಕೂದಲೆಲ್ಲ ಬಾಯಿಗೆ ಬರುತ್ತಿತ್ತು. ಕೆಳಗೆ ಏಣಿ ಹಿಡಿದಿದ್ದ ಅಣ್ಣ, ಬೇಗ ಇಳಿ, ನೋಡಿದವರು ಏನೆಂದುಕೊಂಡಾರು ಎಂದು ಹಲ್ಲು ಕಚ್ಚಿಕೊಂಡು ಗೊಣಗುತ್ತಿದ್ದ. ನೋಡುವುದಕ್ಕೆ ಜನವಾದರೂ ಎಲ್ಲಿದ್ದರು? ಅಪ್ಪನನ್ನು ಕೊನೆಯ ಸಲ ನೋಡಲು ಬಂದವರಲ್ಲಿ ಅರ್ಧ ಜನ ಈ ಬಾಣವನ್ನು ನಂಬಿ ಬಸ್ ಡಿಪೋ ಹಿಂದಿನ ಓಣಿಗೆ ಹೋಗಿ, ಟೈರು ರಿಪೇರಿ ಅಂಗಡಿಯ ಮುಂದೆ ಹೂವು ಹಿಡಿದುಕೊಂಡು ನಿಂತಿದ್ದರು.

"ಒಂದೇ ಬೋಲ್ಟು ಹಾಕಿದ್ದೀಯಲ್ಲ ಅಣ್ಣ. ಗಾಳಿಗೆ ತಿರುಗದೆ ಇನ್ನೇನಾಗುತ್ತೆ? ಇದು ಬೋರ್ಡಲ್ಲ, ಗಿರಗಿಟ್ಲೆ."

"ಒಂದು ದಿನದ ಬೋರ್ಡಿಗೆ ಎಷ್ಟು ಹಾಕ್ಬೇಕಿತ್ತು ಪುಟ್ಟಿ?"

ಪುಟ್ಟಿಗೆ ನಲವತ್ತು ದಾಟಿತ್ತು. ಬೋರ್ಡು ಹಾಕಿಯೇ ಜೀವನ ಸವೆಸಿದ ಮನುಷ್ಯನ ಮನೆಗೆ, ಅವನು ಸತ್ತ ಮರುದಿನ ದಾರಿ ತಪ್ಪಿಸುವ ಬೋರ್ಡು ಹಾಕಿದ್ದು ಅವನ ಸ್ವಂತ ಮಗ. ಅಪ್ಪ ಇದ್ದಿದ್ದರೆ ಊರೇ ಎದ್ದು ಕೂರುವ ಹಾಗೆ ಕೂಗಾಡುತ್ತಿದ್ದರು. ಅವರು ಇರಲಿಲ್ಲವಾದ್ದರಿಂದ ಕೂಗಾಡುವ ಕೆಲಸವೂ ಅವಳ ಪಾಲಿಗೇ ಬಂದಿತ್ತು. ಅವಳು ಅದನ್ನು ಆಮೇಲಕ್ಕಿಟ್ಟು, ಎರಡನೆಯ ಬೋಲ್ಟು ಬಿಗಿದು ಇಳಿದಳು.

ಏಣಿ ಮಡಚುತ್ತಾ ಅಣ್ಣ ಮೆಲ್ಲಗೆ ವಿಷಯಕ್ಕೆ ಬಂದ. ಅವನು ಬಸ್ ಡ್ರೈವರು. ಅಪ್ಪನ ಅಂಗಡಿಯ ಕಡೆ ತಲೆ ಹಾಕಿದವನೇ ಅಲ್ಲ. ಪೇಟೆಯಲ್ಲಿ ಫ್ಲೆಕ್ಸ್ ಅಚ್ಚು ಹಾಕುವವನು ಬಂದಿದ್ದಾನೆ, ಅಂಗಡಿಯನ್ನು ತಾನೇ ನಡೆಸುತ್ತೇನೆ ಅನ್ನುತ್ತಿದ್ದಾನೆ, ಸಂಜೆ ಅವನು ಹೊರಡುವುದರೊಳಗೆ ಹೂಂ ಅಂದುಬಿಡೋಣ ಎಂದ. ನಾನು ನಡೆಸುತ್ತೇನಲ್ಲ ಎಂದಳು ಅವಳು.

"ಬೇಜಾರು ಮಾಡ್ಕೋಬೇಡ. ನೀನು ಬಿಗಿದ ಬೋಲ್ಟನ್ನ ಅಪ್ಪಾನೇ ನಂಬ್ತಿರ್ಲಿಲ್ಲ. ನಿನ್ನ ಹಿಂದೇನೇ ಸ್ಪ್ಯಾನರ್ ಹಿಡ್ಕೊಂಡು ಬರ್ತಿದ್ರು. ಇನ್ನು ಊರಿನವರು ನಂಬ್ತಾರಾ?"

ಅವಳು ಸ್ಪ್ಯಾನರನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿದಳು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

*

ಸಮುದ್ರ ಒಂದು ಕಡೆ, ಗುಡ್ಡ ಒಂದು ಕಡೆ ಇರುವ ಈ ಊರಿನಲ್ಲಿ ಗಾಳಿಗೆ ರಜೆಯೇ ಇಲ್ಲ. ಇಲ್ಲಿ ಬೋರ್ಡು ಹಾಕುವುದೆಂದರೆ ಗಾಳಿಯ ಜೊತೆ ಏಗುವುದು. ಅದಕ್ಕೇ ಅಪ್ಪನಿಗೆ ಗಾಳಿ ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು. ಗಿರಾಕಿ ಬಂದು ಬಣ್ಣದ ಮಾತೆತ್ತಿದರೆ ಅವರು ಕಂಬದ ಮಾತೆತ್ತುತ್ತಿದ್ದರು. ಪ್ಲೈವುಡ್ ಬೇಕೆಂದವನಿಗೆ, ಮಳೆ ಕುಡಿದು ಹಪ್ಪಳದ ಹಾಗೆ ಉಬ್ಬುತ್ತದೆ ಎಂದು ಬೈದು ಕಳಿಸುತ್ತಿದ್ದರು. ಬೋರ್ಡು ನಿಲ್ಲಿಸುವ ಜಾಗದಲ್ಲಿ ಮೊದಲು ಒಂದು ಕೋಲಿಗೆ ಚಿಂದಿ ಬಟ್ಟೆ ಕಟ್ಟಿ ನಿಲ್ಲಿಸಿ, ಗಾಳಿ ಎತ್ತಲಿಂದ ಬರುತ್ತದೆ ಎಂದು ದಿನವಿಡೀ ನೋಡುತ್ತಾ ಕೂರುತ್ತಿದ್ದರು. ಗಿರಾಕಿಗಳು ತಲೆ ಚಚ್ಚಿಕೊಳ್ಳುತ್ತಿದ್ದರು.

ಇದೆಲ್ಲಕ್ಕಿಂತ ದೊಡ್ಡ ಹುಚ್ಚು ಇನ್ನೊಂದಿತ್ತು. ಗಾಳಿ ಬೀಸುವಾಗ ಯಾರೂ ಬೋರ್ಡಿನ ಕೆಳಗೆ ನಿಲ್ಲಕೂಡದು. ಗುರುತಿಲ್ಲದವರನ್ನೂ ರಸ್ತೆಯ ಈಚೆಯಿಂದಲೇ ಗದರಿಸಿ ಓಡಿಸುತ್ತಿದ್ದರು. ಮಕ್ಕಳಿಬ್ಬರೂ ಚಿಕ್ಕವರಿದ್ದಾಗ ಬೋರ್ಡು ಕಂಡಲ್ಲೆಲ್ಲ ಸುತ್ತು ಹಾಕಿಕೊಂಡೇ ಶಾಲೆಗೆ ಹೋಗಬೇಕಿತ್ತು. ನೀವೇ ಹಾಕಿದ ಬೋರ್ಡಲ್ವಾ ಎಂದು ಒಮ್ಮೆ ಅಪ್ಪನ ತಂಗಿ, ಅತ್ತೆ, ಕೇಳಿದ್ದಕ್ಕೆ, ನಾನು ಹಾಕಿದ್ದಕ್ಕೇ ಹೇಳ್ತಿರೋದು ಎಂದಿದ್ದರು.

ಮೊಣಕಾಲು ಕೈಕೊಟ್ಟು ಅವರು ಏಣಿ ಹತ್ತಲಾರದ ಹಾಗಾದಾಗ ಗುಡ್ಡದ ಮೇಲಿನ ಪೆಟ್ರೋಲ್ ಬಂಕಿನ ಬೋರ್ಡಿನ ಕೆಲಸ ಬಂತು. ಇಡೀ ಊರಿನಲ್ಲಿ ಅದಕ್ಕಿಂತ ಕೆಟ್ಟ ಗಾಳಿಯ ಜಾಗ ಇನ್ನೊಂದಿಲ್ಲ. ದಪ್ಪ ಕಬ್ಬಿಣದ ತಗಡು ಹಾಕು ಎಂದರು ಅಪ್ಪ. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಭಾರಕ್ಕೆ ಕಂಬ ಬಾಗುತ್ತದೆ ಎಂದು ಅವಳು ಹಟ ಹಿಡಿದಳು. ಎರಡು ಅಲ್ಯುಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಒತ್ತಿದ ಹಗುರ ಹಲಗೆ ತರಿಸಿದಳು. ಅದನ್ನೂ ಒಂದೇ ತುಂಡಾಗಿ ಹಾಕಲಿಲ್ಲ. ಮೂರು ಉದ್ದ ಪಟ್ಟಿ ಮಾಡಿ, ನಡುವೆ ಗಾಳಿ ನುಸುಳಲು ಸಂದು ಬಿಟ್ಟಳು. ಬಿಸಿಲಿಗೆ ಹಲಗೆ ಹಿಗ್ಗುತ್ತದೆಂದು ತೂತುಗಳನ್ನು ಬೋಲ್ಟಿಗಿಂತ ತುಸು ದೊಡ್ಡದಾಗಿಯೇ ಕೊರೆದು ರಬ್ಬರ್ ವಾಷರ್ ಕೂರಿಸಿದಳು. ಹಗಲೆಲ್ಲ ಏಣಿಯ ಮೇಲಿದ್ದು ಕೈಯಲ್ಲಿ ಬೊಬ್ಬೆ ಎದ್ದಿತ್ತು. ಇಳಿದು ಬಂದು, ಹೇಗಿದೆ ಎಂದು ಕೇಳಿದಳು.

ಅಪ್ಪ ತಲೆಯೆತ್ತಿ ತುಂಬ ಹೊತ್ತು ನೋಡಿದರು. "ಹಲ್ಲು ಬಿದ್ದೋರ ಬಾಯಿ ಥರ ಇದೆ," ಎಂದು ಹೇಳಿ ಮನೆಯ ಕಡೆ ಕುಂಟುತ್ತಾ ಹೊರಟರು.

ಅಷ್ಟೇ. ಆಮೇಲೆ ಆ ಬೋರ್ಡಿನ ವಿಷಯ ಅವರ ಬಾಯಿಂದ ಬರಲೇ ಇಲ್ಲ. ಆದರೆ ಜೋರು ಗಾಳಿ ಎದ್ದ ದಿನವೆಲ್ಲ ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಗುಡ್ಡದ ಬಸ್ಸು ಹತ್ತುತ್ತಿದ್ದರು. ತನ್ನ ಬೋಲ್ಟುಗಳನ್ನು ಯಾರಿಂದಲೋ ಮತ್ತೆ ಬಿಗಿ ಮಾಡಿಸಲು ಹೋಗುತ್ತಿದ್ದಾರೆಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಗೆ ಅವಳು ಬಂಕಿನ ರಸ್ತೆಯನ್ನೇ ಬಿಟ್ಟುಬಿಟ್ಟಳು. ಗುಡ್ಡದಾಚೆ ಕೆಲಸವಿದ್ದರೂ ಕೆಳಗಿನ ದಾರಿಯಿಂದ ಸುತ್ತಿ ಹೋಗುತ್ತಿದ್ದಳು.

*

ಸ್ಮಶಾನ ಇದ್ದದ್ದು ಗುಡ್ಡದ ಮೇಲೆಯೇ. ಗಾಡಿ ಬಂಕನ್ನು ದಾಟುವಾಗ ಅವಳು ಬೇಕೆಂದೇ ಮುಖವನ್ನು ಸಮುದ್ರದ ಕಡೆ ತಿರುಗಿಸಿದಳು.

ಡಿಪೋ ಕಡೆ ಹೋಗಿದ್ದವರು ಏದುಸಿರು ಬಿಡುತ್ತಾ ಬರುವ ಹೊತ್ತಿಗೆ ಅಪ್ಪನನ್ನು ಗುಂಡಿಗೆ ಇಳಿಸಿಯಾಗಿತ್ತು. ಅವರಿಗೆಲ್ಲ ಸಿಟ್ಟು, ಯಾರ ಮೇಲೆ ತೋರಿಸಬೇಕೆಂದು ತಿಳಿಯದೆ ಗಾಳಿಯನ್ನು ಬೈದರು. ಗಾಳಿ ಮೇಷ್ಟ್ರು ಹೋಗುವಾಗಲೂ ನಮ್ಮನ್ನು ಗಾಳಿಗೆ ಬಿಟ್ಟು ಹೋದರು ಎಂದು ಒಬ್ಬರು ನಗಾಡಿದರು. ಅತ್ತೆ ಅಳುತ್ತಿದ್ದವಳು ಅಳು ನಿಲ್ಲಿಸಿ ಅವರನ್ನು ದುರುಗುಟ್ಟಿ ನೋಡಿದಳು. ಪುಟ್ಟಿಗೆ ಮಾತ್ರ ಅಳು ಬರಲಿಲ್ಲ. ಒಂದು ಹಿಡಿ ಮಣ್ಣು ಹಾಕುವಾಗಲೂ ಅವಳಿಗೆ ಜಗಳವೇ ನೆನಪಾಗುತ್ತಿತ್ತು, ಆ ಜಗಳ ಮುಗಿಸದೆ ಎದ್ದು ಹೋದ ಮನುಷ್ಯನ ಮೇಲೆ ಕೋಪವೇ ಬರುತ್ತಿತ್ತು.

ಗೇಟಿನ ಹತ್ತಿರ ಅಣ್ಣ ಫ್ಲೆಕ್ಸಿನವನ ಜೊತೆ ಕಾದಿದ್ದ. ಅಷ್ಟರಲ್ಲಿ ಬಂಕಿನವನು ಅಡ್ಡ ಬಂದ. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಟೋಪಿಯನ್ನು ಕೈಯಲ್ಲಿ ಹಿಸುಕುತ್ತಿದ್ದ.

"ಅಕ್ಕ, ಮೇಷ್ಟ್ರ ಕುರ್ಚಿ ನಮ್ಮಲ್ಲೇ ಉಳಿದಿದೆ. ಬಿಚ್ಚಿಕೊಡೋಣ ಅಂದ್ರೆ ಬರ್ತಾನೇ ಇಲ್ಲ."

"ಯಾವ ಕುರ್ಚಿ?"

"ಬೋರ್ಡಿನ ಕೆಳಗಿರೋದು. ಜೋರು ಗಾಳಿ ಬಂದ ದಿನ ಅಲ್ಲೇ ತಾನೇ ಅವರು ಕೂರ್ತಿದ್ದಿದ್ದು?"

ಅವಳಿಗೆ ಅರ್ಥವಾಗಲಿಲ್ಲ. ಯಾರನ್ನು ಹತ್ತಿಸಿ ಬೋಲ್ಟು ಬಿಗಿ ಮಾಡಿಸುತ್ತಿದ್ದರು ಎಂದು ಕೇಳಿದಳು. ಯಾರನ್ನೂ ಇಲ್ಲ, ಒಂದು ದಿನವೂ ಏಣಿ ಕೇಳಿದವರಲ್ಲ ಎಂದ ಅವನು.

"ಪೇಪರ್ ಹಿಡ್ಕೊಂಡು ಕೂರೋರು. ಸ್ವಲ್ಪ ಹೊತ್ತಿಗೆ ಕುತ್ತಿಗೆ ಹಿಂದಕ್ಕೆ ಬಿದ್ದು ಗೊರಕೆ. ಮೇಲೆ ಗಾಳಿ ಹೊಡೀತಾನೇ ಇರೋದು, ಕೆಳಗೆ ಇವರ ನಿದ್ದೆ. ನಾವು ಎದ್ದೇಳಿ ಅಂದ್ರೂ ಏಳ್ತಿರ್ಲಿಲ್ಲ."

ಅವಳು ಅಣ್ಣನನ್ನು ದಾಟಿ, ಬಂಕಿನ ಕಡೆಯ ರಸ್ತೆಗಿಳಿದಳು. ಇಳಿಜಾರಿನಲ್ಲಿ ನಡೆಯುತ್ತಾ ಅಪ್ಪನನ್ನು ಮನಸಾರೆ ಬೈದಳು. ಊರಿನವರಿಗೆಲ್ಲ ಬೋರ್ಡು ಬರೆದುಕೊಟ್ಟ ಮನುಷ್ಯನಿಗೆ ಒಂದು ಮಾತು ಹೇಳಲು ಏನಾಗಿತ್ತು? ಹೇಳಿದ್ದರೆ ಬಾಯಿ ಸವೆದು ಹೋಗುತ್ತಿತ್ತೇ? ಇಷ್ಟು ವರ್ಷ ಆ ಸುತ್ತು ದಾರಿಯಲ್ಲಿ ಹೊಟ್ಟೆ ಉರಿಸಿಕೊಂಡು ಓಡಾಡಿದ್ದೇನಲ್ಲ ಎಂದುಕೊಂಡಾಗ ಈವರೆಗೆ ಬಾರದ ಅಳು ಬಂತು. ಅಳು ಬಂದಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಬೋರ್ಡು ಅವಳು ನಿಲ್ಲಿಸಿದ ಹಾಗೆಯೇ ನಿಂತಿತ್ತು. ಬಣ್ಣ ಕೊಂಚ ಮಾಸಿತ್ತು. ಅದರ ಕೆಳಗೆ ನಟ್ಟನಡುವೆ, ಒಂದು ಕಂಬಕ್ಕೆ ಅಡ್ಡಪಟ್ಟಿ ಕೊಟ್ಟು, ಅಂಗಡಿಯ ಹಳೆಯ ಕಬ್ಬಿಣದ ಕುರ್ಚಿಯನ್ನು ಅಪ್ಪ ಜೋಡಿಸಿದ್ದರು. ಕಳೆದುಹೋಯಿತೆಂದು ಅವಳು ಎಷ್ಟೋ ದಿನ ಹುಡುಕಿದ್ದ ಕುರ್ಚಿ. ಗಾಳಿಗೆ ಹಾರಿಹೋಗದಂತೆ ಪಟ್ಟಿಗೆ ಎರಡು ಬೋಲ್ಟು ಹಾಕಿ, ಎರಡಕ್ಕೂ ರಬ್ಬರ್ ವಾಷರ್ ಕೂರಿಸಿದ್ದರು.

ಹಿಂದೆಯೇ ಬಂದ ಅಣ್ಣ ಬೋರ್ಡಿನ ನೆರಳಿನ ಅಂಚಿಗೆ ಬಂದು ತಟ್ಟನೆ ನಿಂತ. ಫ್ಲೆಕ್ಸಿನವನನ್ನೂ ಕೈ ಅಡ್ಡ ಹಿಡಿದು ತಡೆದ. "ಪುಟ್ಟಿ, ಗಾಳಿ ಜೋರಾಗಿದೆ, ಈಚೆ ಬಾ," ಎಂದು ಅಲ್ಲಿಂದಲೇ ಕೂಗಿದ. ದನಿ ಥೇಟ್ ಅಪ್ಪನದೇ.

ಅವಳು ಚೀಲದಿಂದ ಸ್ಪ್ಯಾನರ್ ತೆಗೆದು ಮೊದಲನೆಯ ಬೋಲ್ಟಿಗೆ ಕೊಟ್ಟು ಒತ್ತಿದಳು. ಅಲುಗಲಿಲ್ಲ. ಎರಡನೆಯದೂ ಅಲುಗಲಿಲ್ಲ. ಸ್ಪ್ಯಾನರನ್ನು ಚೀಲದೊಳಗೆ ಹಾಕಿ, ಕುರ್ಚಿಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ ಕೂತಳು. ತಲೆಯ ಮೇಲೆ ಗಾಳಿ ಮೂರು ಹಲಗೆಗಳ ಸಂದಿನಲ್ಲಿ ನುಸುಳಿ ಹೋಗುತ್ತಿತ್ತು. ಅಣ್ಣ ಮತ್ತೆ ಕೂಗಿದ. ಅವಳು ಕುತ್ತಿಗೆಯನ್ನು ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದಳು.