ದೊಡ್ಡ ಸಿಸ್ಟರ್ ಕೇಳುತ್ತಿದ್ದ ಮಾತು

ಹೆರಿಗೆ ಕೋಣೆಯ ಸಂಗತಿಯನ್ನು ಸಾವಿನ ಮನೆಯಲ್ಲಿಟ್ಟು ಹೇಳುವುದು ಸರಿಯೋ ತಪ್ಪೋ ತಿಳಿಯದು. ಅಧಿಕಪ್ರಸಂಗ ಅನ್ನಿಸಿದರೆ ಓದುವವರು ಮನ್ನಿಸಬೇಕು.

"ಬಕೆಟ್ ಕೆಳಗಿಡು. ನೀನು ಅಮ್ಮನ್ನ ಮುಟ್ಟಬೇಡ," ಎಂದು ದೊಡ್ಡ ಸಿಸ್ಟರ್ ಅವರ ಮಗಳು ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

ಬಿಸಿನೀರು ಹೊತ್ತು ತಂದಿದ್ದ ಮುದಿ ಆಯಾ ನಿಂತಲ್ಲೇ ನಿಂತಳು. ಒಳಗೆ ಮಂಚದ ಮೇಲೆ ತೀರಿಕೊಂಡ ದೊಡ್ಡ ಸಿಸ್ಟರ್ ಇದ್ದರು. ಮೂವತ್ತೊಂದು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ದುಡಿದವರು. ಅದರಲ್ಲಿ ಕೊನೆಯ ಆರು ವರ್ಷ ಬಟ್ಟೆ ಕೋಣೆಯಲ್ಲಿ ಚಾದರ ಮಡಚಿದವರು. ಅವರ ಮೈ ತೊಳೆಯಲು ಬಂದಿದ್ದ ಇನ್ನೊಬ್ಬಳು, ಈಗಿನ ಹೆಡ್ ನರ್ಸ್, ಆಯಾಳ ಪಕ್ಕದಲ್ಲಿ ನಿಂತು ಒಣ ಟವೆಲನ್ನು ಸುಮ್ಮನೆ ಹಿಂಡುತ್ತಿದ್ದಳು.

"ನಾನೇನಮ್ಮ ಮಾಡ್ದೆ?" ಎಂದಳು ಆಯಾ.

"ಡಾಕ್ಟರ್ ರೂಮಿಗೆ ಹೋಗಿ ಅಮ್ಮನ ಮೇಲೆ ಚಾಡಿ ಹೇಳಿ ಬಟ್ಟೆ ಕೋಣೆಗೆ ಹಾಕಿಸಿದ್ದು ಯಾರು ಮತ್ತೆ? ಅಮ್ಮ ಸಾಯೋವರೆಗೂ ಯಾರ ಹೆಸರೂ ಎತ್ತಲಿಲ್ಲ. ಈ ಸಿಸ್ಟರ್ ಅಂತೂ ಹೇಳಿರಲ್ಲ, ಅಮ್ಮನ ಕೈಲಿ ಕೆಲಸ ಕಲಿತೋರು. ಆವತ್ತು ಡ್ಯೂಟೀಲಿ ಇದ್ದೋರು ನೀವಿಬ್ಬರೇ, ಇನ್ನುಳಿದೋಳು ನೀನೇ."

ಪಕ್ಕದ ಮನೆಯಾಕೆ ದನಿಗೂಡಿಸಿದಳು. "ಇವಳ ಬಾಯಿಗೆ ಬೀಗ ಎಲ್ಲಿದೆ? ಮಗು ಅಳೋಕ್ಕೆ ಮುಂಚೆ ಗಂಡೋ ಹೆಣ್ಣೋ ಅಂತ ಬೀದಿಗೆಲ್ಲ ಗೊತ್ತಾಗ್ತಿತ್ತು."

"ಸಂತೋಷದ ಸುದ್ದಿ ಹೇಳ್ತಿದ್ದೆ. ಅದೂ ತಪ್ಪಾ?"

ಹೆಡ್ ನರ್ಸ್ ನೆಲ ನೋಡಿದಳು.

*

ನೋವು ಶುರುವಾದವಳ ಕಿವಿಯ ಹತ್ತಿರ ಬಗ್ಗಿ, "ನಿನಗೆ ಹೇಗೆ ಅನುಕೂಲ, ಹೇಳು ಮಗಳೇ," ಎಂದು ಕೇಳುವುದು ದೊಡ್ಡ ಸಿಸ್ಟರ್ ಅವರ ರೂಢಿ. ಕೆಲವರು ಅಂಗಾತ ಮಲಗುತ್ತಿದ್ದರು, ಕೆಲವರು ಮಗ್ಗುಲಾಗುತ್ತಿದ್ದರು, ಕೆಲವರು ಮಂಚದ ಸರಳು ಹಿಡಿದು ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಮಂಡಿಯೂರುವವರಿಗೆ ನೆಲದ ಮೇಲೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸುತ್ತಿದ್ದರು. ಈಗಿನ ಹೆಡ್ ನರ್ಸ್, ಆಗಿನ್ನೂ ಬರೀ ನರ್ಸ್, ಅವಳು ಕೂಡ ಆ ಕಂಬಳಿಯ ಮೇಲೆಯೇ, ಅವರ ಕುತ್ತಿಗೆಗೆ ಜೋತುಬಿದ್ದು ತನ್ನ ಮಗನನ್ನು ಹೆತ್ತವಳು.

ಅದಾದ ಎರಡು ವರ್ಷದ ಮೇಲೆ ಹೊಸ ಡಾಕ್ಟರ್ ಬಂದರು. ಒಂದು ಬೆಳಿಗ್ಗೆ ಹೆರಿಗೆ ಕೋಣೆಗೆ ಇಣುಕಿದರೆ ಹೆರುವವಳು ನೆಲದ ಮೇಲೆ ಮಂಡಿಯೂರಿದ್ದಾಳೆ. ದೊಡ್ಡ ಸಿಸ್ಟರ್ ಪಕ್ಕದ ವಾರ್ಡಿನಲ್ಲಿದ್ದರು, ಆಯಾ ನೀರಿಗೆ ಹೋಗಿದ್ದಳು. ಹೆರುವವಳ ಅನುಕೂಲ ಕೇಳಿ, ಕಂಬಳಿ ಹಾಸಿ, ಮಂಚದಿಂದ ಇಳಿಸಿದ್ದು ಈ ನರ್ಸೇ. ಹೆರಿಗೆಯಾದ ಮೇಲೆ ಡಾಕ್ಟರ್ ಈ ನರ್ಸನ್ನು ತಮ್ಮ ರೂಮಿಗೆ ಕರೆದರು.

"ಇದೇನು ಕೊಟ್ಟಿಗೆನಾ? ಯಾರು ಇಳಿಸಿದ್ದು?"

ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

"ದೊಡ್ಡ ಸಿಸ್ಟರ್, ಸಾರ್. ಬೇಡ ಅಂದೆ, ಕೇಳಲಿಲ್ಲ."

ಕೊನೆಯ ಎರಡು ಮಾತು ಡಾಕ್ಟರ್ ಪ್ರಶ್ನೆಗೆ ಬೇಕಿರಲಿಲ್ಲ, ಅವಳಾಗಿಯೇ ಸೇರಿಸಿದ್ದಳು. ದೊಡ್ಡ ಸಿಸ್ಟರನ್ನು ಕರೆಸಿ ಕೇಳಿದಾಗ ಅವರು, "ಹೌದು, ನಾನೇ," ಎಂದಷ್ಟೇ ಹೇಳಿ ಹೊರಗೆ ಬಂದರು. ಮರುದಿನ ಬಟ್ಟೆ ಕೋಣೆ. ಅಂದಿನಿಂದ ಆ ಆಸ್ಪತ್ರೆಯಲ್ಲಿ ಯಾರನ್ನೂ ಏನೂ ಕೇಳುವುದಿಲ್ಲ. "ಅಂಗಾತ ಮಲಗು," ಎಂದು ಹೇಳುವವಳು ಇವಳೇ.

*

"ಹೋಗ್ತೀನಮ್ಮ," ಎಂದು ಆಯಾ ಬಕೆಟ್ ಕೆಳಗಿಟ್ಟಳು. "ದೂರದಿಂದಲೇ ಒಂದ್ಸಲ ಮುಖ ನೋಡ್ಕೊಂಡು ಹೋಗ್ಲಾ?"

"ಅವಳಲ್ಲ," ಎಂದಳು ಹೆಡ್ ನರ್ಸ್.

ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು. "ಅವಳಲ್ಲ. ಡಾಕ್ಟರ್ ಹತ್ರ ಹೇಳಿದ್ದು ನಾನು. ಆವತ್ತು ಆ ಹೆಂಗಸನ್ನ ಕೆಳಗೆ ಇಳಿಸಿದ್ದೂ ನಾನೇ. ಅಮ್ಮ ಅಲ್ಲಿ ಇರಲೇ ಇಲ್ಲ."

ಪಕ್ಕದ ಮನೆಯಾಕೆ ಬಾಯಿಗೆ ಸೆರಗು ಒತ್ತಿಕೊಂಡಳು. ಮಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬಗ್ಗಿ ಬಕೆಟ್ಟಿಗೆ ತಾನೂ ಕೈಹಾಕಿ, "ಬಾ ಆಯಮ್ಮ, ನೀರು ಆರೋಗುತ್ತೆ," ಎಂದಳು.

ಆಯಾ ಹೆಡ್ ನರ್ಸಿನ ಕೈಯಿಂದ ಟವೆಲು ತೆಗೆದುಕೊಂಡಳು.

"ನನಗೆ ಗೊತ್ತಿರಲಿಲ್ಲ ಕಣೇ. ಗೊತ್ತಿದ್ದಿದ್ರೆ ಊರಿಗೇ ಹೇಳ್ತಿದ್ದೆ. ನನ್ನ ಬಾಯಿ ಎಂಥದ್ದು ಅಂತ ನಿನಗೆ ಗೊತ್ತಲ್ಲ."

ಮಗಳು, ಆಯಾ ಇಬ್ಬರೂ ಒಳಗೆ ಹೋದ ಮೇಲೆ ಬಾಗಿಲು ಮುಚ್ಚಿತು. ಅದಕ್ಕೆ ಚಿಲಕ ಹಾಕಲಿಲ್ಲ. ಹೆಡ್ ನರ್ಸನ್ನು ಬಾ ಎಂದೂ ಯಾರೂ ಕರೆಯಲಿಲ್ಲ.

ಡಾಕ್ಟರ್ ರೂಮಿನಲ್ಲಿ ತಮ್ಮ ಹೆಸರು ಹೇಳಿದ್ದು ಯಾರೆಂದು ದೊಡ್ಡ ಸಿಸ್ಟರ್‌ಗೆ ಗೊತ್ತಿತ್ತೋ ಇಲ್ಲವೋ, ಅದು ಯಾರಿಗೂ ತಿಳಿಯದು. ಒಳಗೆ ನೀರು ಹೊಯ್ಯುವ ಸದ್ದು ಬರುತ್ತಿತ್ತು. ಹೊರಗೆ ಹೆಡ್ ನರ್ಸ್ ಮೈ ತೊಳೆಯಲೆಂದು ಕುಪ್ಪಸದ ಎರಡೂ ತೋಳನ್ನು ಮೊಣಕೈವರೆಗೆ ಮೇಲಕ್ಕೆ ಮಡಚಿಕೊಂಡವಳು ಹಾಗೆಯೇ ನಿಂತೇ ಇದ್ದಳು.